ದಿವಂಗತರ ಅಳಿಯ

ಮದುವೆಯಾಗಿ ಹದಿನಾಲ್ಕು ವರ್ಷವಾದರೂ ನಾನು ಏನು ಕೆಲಸ ಮಾಡುತ್ತೇನೆ ಅಂತ ನನ್ನ ಹೆಂಡತಿ ಕಡೆಯವರಿಗೆ ಅರ್ಥವಾಗಿರಲಿಲ್ಲ. 'ನಮ್ಮ ಭಾವ ಅಕ್ಷರ ದೊಡ್ಡದು ಚಿಕ್ಕದು ಮಾಡ್ತಾರೆ' ಅಂತ ನನ್ನ ಬಾಮೈದ ತನ್ನ ಟೈರ್ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಅವನದೇನೂ ತಪ್ಪಿಲ್ಲ, ನನ್ನ ಗ್ರಾಹಕರೂ ಹಾಗೇ ತಿಳಿದಿದ್ದರು. ಬಾಗಿಲ ಮೇಲೆ 'ವಿನ್ಯಾಸಕಾರ' ಅಂತ ಗಂಭೀರವಾದ ಬೋರ್ಡು. ಒಳಗೆ ನಡೆಯುವುದು ಮಾತ್ರ 'ಇನ್ನೂ ಸ್ವಲ್ಪ ದೊಡ್ಡದು, ಅಯ್ಯೋ ಅಷ್ಟು ಬೇಡ' ಎಂಬ ಅಖಂಡ ಪಾರಾಯಣ.

ಈ ಕಾಟ ತಾಳಲಾರದೆ ಒಂದು ದಿನ ಕೂತು ಸಂವಿಧಾನ ಬರೆದೆ. ನಾಲ್ಕೇ ಕಲಂ. ಏನು ಬೇಕು ಅಂತ ಗ್ರಾಹಕರು ಬರೆದುಕೊಡಬೇಕು. ನಾನು ಮೂರು ಮಾದರಿ ತೋರಿಸುತ್ತೇನೆ. ತಿದ್ದುಪಡಿ ಎರಡೇ ಸಲ. ಗ್ರಾಹಕರು ಸಹಿ ಹಾಕಿ ದೃಢೀಕರಿಸಿದ ಮೇಲೆ ಯಾರೂ ಒಂದು ಚುಕ್ಕೆಯನ್ನೂ ಅಲುಗಿಸುವಂತಿಲ್ಲ. ಇದನ್ನು ದಪ್ಪ ಹಾಳೆಯಲ್ಲಿ ಅಚ್ಚು ಹಾಕಿ ನನ್ನ ಮೇಜಿನ ಹಿಂದಿನ ಗೋಡೆಗೆ ಅಂಟಿಸಿದೆ. ಬಂದವರೆಲ್ಲ ಓದಿ, ಬಹಳ ಚೆನ್ನಾಗಿದೆ ಅಂತ ಹೊಗಳಿ, ಏಳನೇ ತಿದ್ದುಪಡಿ ಹೇಳಿ ಹೋಗುತ್ತಿದ್ದರು.

ನಿಯಮವನ್ನು ಚಾಚೂ ತಪ್ಪದೆ ಪಾಲಿಸಿದ ಗ್ರಾಹಕರು ಒಬ್ಬರೇ. ಅವರು ನನ್ನ ಅತ್ತೆ.

ಮಾರ್ಚ್ ಮೊದಲ ವಾರದಲ್ಲಿ ಡಾಕ್ಟರು ಅತ್ತೆಯನ್ನು ಇನ್ನು ಮನೆಗೇ ಕರೆದುಕೊಂಡು ಹೋಗಿ, ಬೇಕಾದ್ದು ಕೊಡಿ ಅಂದರು. ಹಾಗಂದರೇನು ಅಂತ ನಾನೂ ನನ್ನ ಹೆಂಡತಿಯೂ ಕಾರಿನವರೆಗೆ ಪಿಸುಗುಟ್ಟುತ್ತಾ ಬಂದೆವು. ಅತ್ತೆಗೆ ಅದು ಡಾಕ್ಟರ ಮುಂದೆಯೇ ಅರ್ಥವಾಗಿತ್ತು. ಮನೆಯಲ್ಲಿ ಗಾಳಿ ಬೆಳಕು ಇರುವ, ಪಕ್ಕದಲ್ಲೇ ಬಚ್ಚಲೂ ಇರುವ ಕೋಣೆ ನನ್ನ ಕೆಲಸದ ಕೋಣೆ ಒಂದೇ. ಹಾಗಾಗಿ ಅವರ ಮಂಚ ನನ್ನ ಮೇಜಿನ ಪಕ್ಕಕ್ಕೆ ಬಂತು. (ಗ್ರಾಹಕರು ಗಂಟೆಗಟ್ಟಲೆ ಎದುರಿಗೆ ಕೂತಿರುತ್ತಾರೆ ಅಂತ ಗೊಣಗುತ್ತಿದ್ದವನು ನಾನು. ಈಗ ಒಬ್ಬರು ಬಂದು ಮಲಗಿಯೇಬಿಟ್ಟರು.)

ಅತ್ತೆ ಮೂವತ್ತೊಂದು ವರ್ಷ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಬಂದ ಎರಡನೇ ದಿನವೇ ದಿಂಬಿಗೆ ಒರಗಿ ಗೋಡೆಯ ಮೇಲಿನ ಸಂವಿಧಾನ ಓದಿದರು. ಆಮೇಲೆ ಕೆಂಪು ಪೆನ್ನು ಕೇಳಿದರು.

"ಅಳಿಯಂದಿರೇ, 'ದೃಢ'ದಲ್ಲಿ ಮಹಾಪ್ರಾಣ ಎರಡನೇ ಅಕ್ಷರಕ್ಕೆ ಬರ್ಬೇಕು. ನೀವು ಮೊದಲನೇದಕ್ಕೆ ಕೊಟ್ಟಿದ್ದೀರಿ."

ಎರಡು ವರ್ಷ ಆ 'ಧೃಡ' ನನ್ನ ಬೆನ್ನ ಹಿಂದೆಯೇ ಇತ್ತು. ನಾಚಿಕೆಯಾಗಿ, ಕಣ್ತಪ್ಪಿ ಆಗಿದೆ ಅಂದೆ. ಅವರು ಹಾಳೆ ತಿದ್ದಿಕೊಟ್ಟು, ಇರಲಿ ಬಿಡಿ, ನನ್ನ ಹತ್ತಿರ ಈಗ ಉಳಿದಿರುವುದೂ ಅಲ್ಪಪ್ರಾಣ ಅಷ್ಟೆ ಅಂದರು. ನಗಬೇಕೋ ಬೇಡವೋ ತಿಳಿಯದೆ ನಾನು ಹಾಳೆಯನ್ನು ಮತ್ತೆ ಗೋಡೆಗೆ ಅಂಟಿಸಿದೆ.

ಮಾರನೆಯ ದಿನ ಅವರು ನನ್ನ ಗ್ರಾಹಕರಾದರು. ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ದುಂಡಗಿನ ಅಕ್ಷರದಲ್ಲಿ ಬರೆದು ಕೊಟ್ಟಿದ್ದು ತಮ್ಮದೇ ನಿಧನ ವಾರ್ತೆ. ಹೆಸರು, ಹುಟ್ಟಿದ ದಿನ, 'ಮೂವತ್ತೊಂದು ವರ್ಷ ಕರಡು ತಿದ್ದಿದವರು' ಅಂತ ಒಂದು ಸಾಲು, ಮಗಳು ಮಗ ಅಳಿಯ ಅಂತ ಇನ್ನೊಂದು ಸಾಲು. ಹೂವು ಬೇಡ, ದೀಪ ಬೇಡ, 'ಚಿರಶಾಂತಿ' ಬೇಡ. ಯಾಕೆ ಈಗಲೇ ಇದೆಲ್ಲ ಅಂತ ನಾನು ತಡವರಿಸಿದೆ. ಅವರು ಒಂದು ಕಥೆ ಹೇಳಿದರು. ಅವರ ಮುದ್ರಣಾಲಯದಲ್ಲಿ ಒಮ್ಮೆ ಅವರು ರಜೆಯಲ್ಲಿದ್ದಾಗ, 'ನಮ್ಮನ್ನು ಅಗಲಿದ ತಾಯಿ' ಎಂಬುದು 'ನಮ್ಮ ಅಗಲದ ತಾಯಿ' ಅಂತ ಅಚ್ಚಾಗಿ ಹೋಯಿತಂತೆ. ತಾಯಿ ನಿಜಕ್ಕೂ ದಪ್ಪಗಿದ್ದವರು. ಮಕ್ಕಳು ಹೊಡೆಯಲು ಬಂದರಂತೆ.

"ನನ್ನದು ತಪ್ಪಿಲ್ಲದೆ ಬರ್ಬೇಕು," ಅಂದರು ಅತ್ತೆ. "ಬೇರೆ ಏನೂ ಆಸೆಯಿಲ್ಲ. ಅದೊಂದು ನೋಡ್ಕೊಳ್ಳಿ."

ನಾನು ನೋಡಿಕೊಳ್ಳುತ್ತೇನೆ ಅಂದೆ.

ಹೆಂಡತಿ ದಂತ ಚಿಕಿತ್ಸಾಲಯದ ಕೆಲಸ ಮುಗಿಸಿ ಸಂಜೆ ಬಂದಾಗ ನನ್ನ ಕಂಪ್ಯೂಟರ್ ಪರದೆಯ ತುಂಬ ಅವಳ ಅಮ್ಮನ ಫೋಟೋ, ಕೆಳಗೆ 'ಜನನ', ಅದರ ಕೆಳಗೆ 'ಮರಣ'. ಅವಳು ಕೈಚೀಲ ಕೂಡ ಕೆಳಗಿಡಲಿಲ್ಲ. ಮನುಷ್ಯರು ಇನ್ನೂ ಉಸಿರಾಡ್ತಿದ್ದಾರೆ, ನಿಮಗೆ ನಾಚಿಕೆ ಆಗಲ್ವೇನ್ರೀ ಅಂತ ಶುರುಮಾಡಿದಳು. ಉಸಿರಾಡುತ್ತಿದ್ದ ಮನುಷ್ಯರು ಮಂಚದಿಂದಲೇ, ಅವರನ್ನು ಬೈಬೇಡ, ಕೆಲಸ ಕೊಟ್ಟಿರುವುದು ನಾನು, ಸಾಲುಗಳ ಮಧ್ಯೆ ಜಾಗ ಸಾಲದು, ಅದನ್ನು ಹೇಳು ಅಂದರು. ಹೆಂಡತಿ ಅಡುಗೆಮನೆಗೆ ಹೋಗಿ ನಲ್ಲಿ ಜೋರಾಗಿ ಬಿಟ್ಟಳು. ಹೊತ್ತು ಕಳೆದರೂ ನಲ್ಲಿ ನಿಲ್ಲಲಿಲ್ಲ.

ಮೂರು ಮಾದರಿ ಮಾಡಿದೆ. ಭಾನುವಾರ ಬಾಮೈದನೂ ಬಂದ. ಕುಟುಂಬದ ಸಮಸ್ತರೂ ಮಂಚದ ಸುತ್ತ ಸೇರಿ ಪರಾಮರ್ಶೆಗೆ ತೊಡಗಿದರು. ಬಾಮೈದನಿಗೆ ಎಲ್ಲ ತುಂಬಾ ಸಪ್ಪೆ ಅನ್ನಿಸಿತು.

"ಭಾವ, ಹಿಂದೆ ಸ್ವಲ್ಪ ಮೋಡ ಹಾಕಿ. ಅಮ್ಮ ಮೋಡದ ಮಧ್ಯೆ ಇದ್ದ ಹಾಗೆ."

"ನೆಗಡಿ ಆಗುತ್ತೆ ಕಣೋ," ಅಂದರು ಅತ್ತೆ.

ಹೆಂಡತಿಗೆ ಅಮ್ಮ ನಗುತ್ತಿರುವ ಫೋಟೋ ಬೇಕು. ಅತ್ತೆಗೆ ಕೆಲಸದ ಗುರುತಿನ ಚೀಟಿಯದೇ ಬೇಕು. ಸಾವಿನ ಸುದ್ದಿಯ ಪಕ್ಕದಲ್ಲಿ ನಗುತ್ತಾ ಕೂತರೆ ಓದಿದವರು ಏನಂದುಕೊಳ್ಳುತ್ತಾರೆ ಅಂತ ಅವರ ವಾದ. ಅಕ್ಕ ತಮ್ಮ ಇಬ್ಬರೂ ನನ್ನ ಮೇಲೆ ತಿರುಗಿಬಿದ್ದರು, ನೀವಾದರೂ ಹೇಳಿ ಅಂತ. ಗ್ರಾಹಕರ ಮನೆಯವರು ಜಗಳವಾಡುವಾಗ ಮೌನವಾಗಿರಬೇಕು ಅಂತ ವೃತ್ತಿಯಲ್ಲಿ ಕಲಿತಿದ್ದೆ. ಆ ಮನೆಯವರಲ್ಲಿ ನಾನೂ ಒಬ್ಬ ಅನ್ನುವುದು ಆಗ ತೊಡಕಾಯಿತು. ಕೊನೆಗೆ ಗುರುತಿನ ಚೀಟಿಯ ಫೋಟೋವೇ ಗೆದ್ದಿತು. ಮೋಡ ಚದುರಿತು.

ಎರಡನೇ ತಿದ್ದುಪಡಿಯ ದಿನ ನಾವಿಬ್ಬರೇ ಇದ್ದೆವು. ಅತ್ತೆ ಕನ್ನಡಕ ಏರಿಸಿ, 'ಮರಣ' ಅಂತ ಬರೆದ ಮುಂದೆ ಎಷ್ಟು ಜಾಗ ಬಿಟ್ಟಿದ್ದೀರಿ ಅಂತ ಕೇಳಿದರು. ಯಾವ ತಿಂಗಳ ಹೆಸರು ಬಂದರೂ ಹಿಡಿಸಲಿ ಅಂತ ಸೆಪ್ಟೆಂಬರ್‌ಗೆ ಸಾಲುವಷ್ಟು ಬಿಟ್ಟಿದ್ದೆ, ಹಾಗೇ ಹೇಳಿದೆ.

"ಅಷ್ಟು ಬೇಡ. 'ಮೇ' ಸಾಕು," ಅಂದರು. "ಒಂದೇ ಅಕ್ಷರ."

ಆಗ ಏಪ್ರಿಲ್ ಹತ್ತು. ನಾನು ಆಗಲಿ ಅಂದೆ. ಆದರೆ ಜಾಗ ಕಡಿಮೆ ಮಾಡಲಿಲ್ಲ. ಗ್ರಾಹಕರು ಹೇಳಿದ್ದನ್ನು ಬೇಕಂತಲೇ ಮಾಡದೆ ಬಿಟ್ಟಿದ್ದು ನನ್ನ ವೃತ್ತಿಜೀವನದಲ್ಲಿ ಅದೊಂದೇ ಸಲ. ಕರಡು ತಿದ್ದುವವರ ಕಣ್ಣಿಗೆ ಅದು ಬೀಳದೆ ಇರುತ್ತದೆಯೇ. ಬಿದ್ದಿತ್ತು. ಆದರೂ ಹಾಳೆಯ ಮೂಲೆಯಲ್ಲಿ 'ಅಚ್ಚಿಗೆ ಹೋಗಬಹುದು' ಅಂತ ಬರೆದು ಸಹಿ ಹಾಕಿದರು.

ಮೇ ಹನ್ನೊಂದರ ಬೆಳಗ್ಗೆ ಹತ್ತು ಗಂಟೆಗೆ ಅತ್ತೆ ಹೋದರು. ಹೆಂಡತಿ ಕೈ ಹಿಡಿದು ಕೂತಿದ್ದಳು. ನಾನು ಕಿಟಕಿಯ ಹತ್ತಿರ ನಿಂತಿದ್ದೆ.

ಪತ್ರಿಕೆಯವರು ಸಂಜೆ ಆರರವರೆಗೆ ಜಾಹೀರಾತು ತೆಗೆದುಕೊಳ್ಳುತ್ತಾರೆ. ಮಾಡಬೇಕಾದ್ದು ಇಷ್ಟೆ: ತಾರೀಖು ತುಂಬಿಸಿ ಕಳಿಸುವುದು. ಮೂರು ಗಂಟೆಗೆ ಮನೆ ತುಂಬ ಜನ. ನಾನು ಖಾಲಿ ಮಂಚದ ಪಕ್ಕದ ನನ್ನ ಕುರ್ಚಿಯಲ್ಲಿ ಕೂತು '11 ಮೇ' ಅಂತ ಒತ್ತಿದೆ. ಸೆಪ್ಟೆಂಬರ್‌ಗೆ ಅಂತ ಬಿಟ್ಟ ಅಷ್ಟಗಲ ಜಾಗದಲ್ಲಿ ಆ 'ಮೇ' ಬೋಡು ಬಾಯಲ್ಲಿ ಉಳಿದ ಒಂಟಿ ಹಲ್ಲಿನ ಹಾಗೆ ಕಂಡಿತು. ಜಾಗ ಕಡಿಮೆ ಮಾಡಿದೆ. ಹೆಸರು ಎಡಕ್ಕೆ ಸರಿದಂತಾಯಿತು. ಹೆಸರನ್ನು ಸರಿಪಡಿಸಿದೆ. ಫೋಟೋ ಕತ್ತಲಾಗಿ ಕಂಡಿತು, ಬೆಳಕು ಕೊಟ್ಟೆ. ಕೊಟ್ಟರೆ ಅತ್ತೆ ಜ್ವರ ಬಂದವರಂತೆ ಕಂಡರು. ಅವರಿಗೆ ಮಾಡುವ ಕೊನೆಯ ಕೆಲಸ, ಒಂಚೂರು ಸರಿಯಾಗಲಿ. ಬಾಮೈದ ನಾಲ್ಕಕ್ಕೆ ಬಂದು ಕೇಳಿದ, ಕಳಿಸುತ್ತಿದ್ದೇನೆ ಅಂದೆ. ಐದಕ್ಕೆ ಕೇಳಿದ, ಕಳಿಸುತ್ತಿದ್ದೇನೆ ಅಂದೆ. ಕಳಿಸಿಬಿಟ್ಟರೆ ಮುಗಿಯಿತಲ್ಲ ಅನ್ನುವುದು ಮನಸ್ಸಿನಲ್ಲಿತ್ತೇನೋ, ನನಗೂ ಗೊತ್ತಿಲ್ಲ. ಯಾರೂ ಒಂದು ಚುಕ್ಕೆಯನ್ನೂ ಅಲುಗಿಸಬಾರದು ಅಂತ ನಿಯಮ ಬರೆದ ಮಹಾನುಭಾವ ಹದಿನಾರು ತಿದ್ದುಪಡಿ ಮಾಡಿ ಕತ್ತೆತ್ತಿದಾಗ ಗಡಿಯಾರದಲ್ಲಿ ಆರೂ ಕಾಲು.

ಅಷ್ಟರಲ್ಲಿ ಪತ್ರಿಕೆಯವರೇ, ಬೆಳಗ್ಗೆ ಜಾಗ ಕಾಯ್ದಿರಿಸಿದ್ದ ಬಾಮೈದನಿಗೆ ಫೋನ್ ಮಾಡಿ, ಜಾಗ ಇಟ್ಟಿದ್ದೇವೆ, ಇನ್ನೂ ಏನೂ ಬಂದಿಲ್ಲ ಅಂದಿದ್ದರಂತೆ. ಅವನು ಅಳುವವರ ಮಧ್ಯೆ ನಿಂತು, ಒಂದು ಕಿವಿ ಮುಚ್ಚಿಕೊಂಡು, ನೆನಪಿದ್ದಷ್ಟನ್ನು ಬಾಯಲ್ಲೇ ಹೇಳಿದ. ಆ ಕಡೆ ಯಾರೋ ಬರೆದುಕೊಂಡರು.

ಬೆಳಗ್ಗೆ ಪತ್ರಿಕೆ ಬಂತು. ಹೂವಿತ್ತು, ದೀಪವಿತ್ತು, 'ಚಿರಶಾಂತಿ'ಯೂ ಇತ್ತು. ಕೆಳಗೆ ದುಃಖಿಸುವವರ ಸಾಲಿನಲ್ಲಿ 'ದಿವಂಗತರ ಅಳಿಯ' ಅಂತ ನನ್ನ ಹೆಸರು ಬರಬೇಕಿತ್ತು. 'ರ' ಬಿದ್ದುಹೋಗಿತ್ತು. 'ದಿವಂಗತ ಅಳಿಯ' ಅಂತ, ದಪ್ಪ ಅಕ್ಷರದಲ್ಲಿ, ನಾನೂ ಹೋಗಿದ್ದೆ.

ಅಂತ್ಯಕ್ರಿಯೆಗೆ ಬಂದ ಕೆಲವರು ನನ್ನನ್ನು ನೋಡಿ ಬಾಗಿಲಲ್ಲೇ ಬೆಚ್ಚಿಬಿದ್ದರು. ಒಬ್ಬ ಹಿರಿಯರು ನನ್ನ ಕೈ ಹಿಡಿದು, ಬಿಸಿ ಇದೆಯೋ ಅಂತ ನೋಡುವವರ ಹಾಗೆ ಬಹಳ ಹೊತ್ತು ಬಿಡಲೇ ಇಲ್ಲ. ಅದಕ್ಕೆ ನಗುವ ಸ್ಥಿತಿಯಲ್ಲಿ ಯಾರೂ ಇರಲಿಲ್ಲ. ಎಲ್ಲ ಮುಗಿದ ಮೇಲೆ ಹೆಂಡತಿ ಪತ್ರಿಕೆ ಮಡಿಸಿ ಮೇಜಿನ ಮೇಲಿಟ್ಟು, ನನ್ನ ಮುಖ ನೋಡದೆ ಹೇಳಿದಳು:

"ಅಮ್ಮ ಕೇಳಿದ್ದು ಅದೊಂದೇ ಅಲ್ವಾ."

ಆಮೇಲೆ ಒಂಬತ್ತು ದಿನ ಅವಳು ನನ್ನೊಂದಿಗೆ ಮಾತಾಡಿದ್ದು ಗ್ಯಾಸ್ ಮುಗಿದಿದೆ ಅಂತ ಒಂದು ಸಲ ಮಾತ್ರ.

ಹತ್ತನೇ ದಿನ ನಾನು ಈರುಳ್ಳಿ ಹೆಚ್ಚುತ್ತಿದ್ದಾಗ ನನ್ನ ಫೋನ್ ಬಡಿದುಕೊಂಡಿತು. ಅವಳೇ ಎತ್ತಿದಳು. ಪೇಟೆಯ ಬೇಕರಿಯ ಮಾಲೀಕರು. ಅವರ ಬಿಸ್ಕತ್ತಿನ ಡಬ್ಬಿಗೆ ಮೂರು ತಿಂಗಳಿಂದ ವಿನ್ಯಾಸ ಮಾಡುತ್ತಿದ್ದೆ. ಗೋಧಿ ಬಣ್ಣ ಬೇಡ ಅಂದರು, ಹಸಿರು ಬೇಡ ಅಂದರು, ಅವರ ಭಾವಮೈದುನನಿಗೆ ಅಕ್ಷರ ಹಿಡಿಸಲಿಲ್ಲ, ಒಟ್ಟು ಇಪ್ಪತ್ತೆರಡು ಸಲ ತಿದ್ದಿಸಿದ್ದರು. ಈಗ ಫೋನಿನಿಂದ ನನಗೂ ಕೇಳುವಷ್ಟು ದೊಡ್ಡ ದನಿಯಲ್ಲಿ, ಪತ್ರಿಕೆ ಈಗ ನೋಡಿದೆ ತಾಯಿ, ಒಂದೇ ಮನೆಯಲ್ಲಿ ಇಬ್ಬರು, ದೊಡ್ಡ ಮನುಷ್ಯರು, ಒಂದು ದಿನವೂ ಬೇಸರ ಮಾಡಿಕೊಂಡವರಲ್ಲ ಅಂದರು. (ಇದು ಸುಳ್ಳು.) ಸತ್ತವರ ಮನೆಗೆ ಸಲ್ಲುವಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ ನಯವಾಗಿ, ಆ ಡಬ್ಬಿಯ ಅಕ್ಷರ ಒಂಚೂರು ದೊಡ್ಡದು ಮಾಡಿಕೊಡುವವರು ಮನೆಯಲ್ಲಿ ಬೇರೆ ಯಾರಾದರೂ ಇದ್ದಾರಾ ಅಂತ ಕೇಳಿದರು.

ನಾನು ಚಾಕು ಹಿಡಿದ ಕೈಯನ್ನೇ ಆಡಿಸಿ, ಬದುಕಿದ್ದೇನೆ ಅಂತ ಹೇಳು ಅಂತ ಸನ್ನೆ ಮಾಡಿದೆ. ಅವಳು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿದಳು.

"ಇಲ್ಲ ಇವ್ರೇ," ಅಂದಳು. "ಇನ್ನು ಯಾರೂ ತಿದ್ದೋಕೆ ಆಗಲ್ಲ. ಅವರು ಮೊದಲು ಮಾಡಿದ್ದು ಹೇಗಿತ್ತೋ ಹಾಗೇ ತಗೊಳ್ಳಿ."

ಹೋದವರು ಮಾಡಿದ್ದು, ಅದನ್ನು ಮುಟ್ಟಬಾರದು, ಹಾಗೇ ಇರಲಿ ಅಂದರು ಮಾಲೀಕರು. ಅವಳು ಫೋನ್ ಇಟ್ಟು ನಗತೊಡಗಿದಳು. ಗೋಡೆಗೆ ಒರಗಿ, ನೆಲಕ್ಕೆ ಕುಸಿದು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗು ಎಲ್ಲಿ ಮುಗಿದು ಅಳು ಎಲ್ಲಿ ಶುರುವಾಯಿತು ಅಂತ ನನಗೆ ತಿಳಿಯಲಿಲ್ಲ. ಪಕ್ಕದಲ್ಲಿ ಕೂತೆ. ಈರುಳ್ಳಿಯ ಕೈಯಲ್ಲೇ ಅವಳ ಕಣ್ಣೊರೆಸಲು ಹೋಗಿ ಬೈಸಿಕೊಂಡೆ. ಆ ಬೈಗುಳ ಕೇಳಿ ಎದೆ ಹಗುರಾಯಿತು.

ಆ ಡಬ್ಬಿ ಈಗ ಎಲ್ಲ ಅಂಗಡಿಯಲ್ಲೂ ಇದೆ. ನಾನು ಮಾಡಿದ್ದು ಮಾಡಿದ ಹಾಗೆಯೇ ಅಚ್ಚಾಗಿರುವುದು ಇದೇ ಮೊದಲು, ನೋಡಿದವರೆಲ್ಲ ಚೆನ್ನಾಗಿದೆ ಅನ್ನುತ್ತಾರೆ. ನನ್ನದು ಅಂತ ಹೇಳಿಕೊಳ್ಳುವ ಹಾಗಿಲ್ಲ. ಬೇಕರಿಯ ಬೀದಿಗಂತೂ ನಾನು ಕಾಲಿಡುವಂತೆಯೇ ಇಲ್ಲ. ಬೇಕಾದಾಗ ಹೆಂಡತಿಯೇ ಹೋಗಿ ತರುತ್ತಾಳೆ. ಮಾಲೀಕರು ಅವಳನ್ನು ಕಂಡರೆ ಕುರ್ಚಿ ಹಾಕಿ ಕೂರಿಸಿ, ಪಾಪ ಒಬ್ಬಳೇ ಹೆಣ್ಣುಮಗಳು ಅಂತ ನಾಲ್ಕು ಬಿಸ್ಕತ್ತು ಹೆಚ್ಚಿಗೆ ಕಟ್ಟಿಕೊಡುತ್ತಾರಂತೆ.

ಅವಳು ಬೇಡ ಅನ್ನುವುದಿಲ್ಲ. ಮನೆಗೆ ತಂದು, ತಟ್ಟೆಗೆ ಹಾಕಿ, ಚಹಾದ ಜೊತೆ ನನ್ನ ಮುಂದಿಡುತ್ತಾಳೆ. ನಾನು ತಿನ್ನುತ್ತೇನೆ.