ದೊಡ್ಡಮ್ಮ ನೀರಿಗಿಳಿದದ್ದು

ಅರಸೀಕೆರೆಯಲ್ಲಿ ಅರವತ್ತಾರನೆಯ ವಯಸ್ಸಿನಲ್ಲಿ ಈಜುಡುಗೆ ಕೊಂಡ ಮೊದಲ ಹೆಂಗಸು ನಮ್ಮ ದೊಡ್ಡಮ್ಮ! ಈ ಮಾತಿಗೆ ನನ್ನ ಹತ್ತಿರ ದಾಖಲೆ ಇಲ್ಲ. ವಯಸ್ಸು ಅರವತ್ತೇಳೂ ಇದ್ದೀತು. ದಿನಚರಿಯ ಆ ತಿಂಗಳ ಪುಟಗಳನ್ನು ತೆಗೆದು ನೋಡಿದರೆ ‘ದೊಡ್ಡಮ್ಮ ಇವತ್ತೂ...’ ಎಂದು ಮೂರು ಕಡೆ ಬರೆದು ನಿಲ್ಲಿಸಿದ್ದೇನೆ. ನಗು ಬಂದು ನಿಲ್ಲಿಸಿದೆನೋ, ನಿದ್ದೆ ಬಂದೋ, ಈಗ ಗೊತ್ತಿಲ್ಲ. ಆದ್ದರಿಂದ ಕೆಲವು ವಿವರ ತಪ್ಪಿರಬಹುದು. ಉತ್ಪ್ರೇಕ್ಷೆ ಅನ್ನಿಸಿದ್ದನ್ನೆಲ್ಲ ನಿಜವೆಂದೇ ತಿಳಿಯಿರಿ. ಸಾಧಾರಣ ಅನ್ನಿಸಿದ್ದನ್ನು ಮಾತ್ರ ಅನುಮಾನಿಸಿ.

ಎಲ್ಲಕ್ಕೂ ಮೂಲ ಒಂದು ಜಗಳ. ದೊಡ್ಡಮ್ಮ ಮತ್ತು ಅವರ ತಂಗಿ, ಅಂದರೆ ನಮ್ಮಮ್ಮ, ಹುಟ್ಟಿದ ಊರು, ಹಳೇಬೀಡಿನಿಂದ ಬೇಲೂರಿಗೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ಸಿಗುತ್ತದೆ. ಅಲ್ಲೊಂದು ಗುಡಿ, ಗುಡಿಗೊಂದು ಕಲ್ಯಾಣಿ. ಹುಲಿಕೆರೆಯ ಹೆಸರಾಂತ ಕಲ್ಯಾಣಿಯಷ್ಟು ಚೆಂದವಲ್ಲ, ನೋಡಲು ಯಾರೂ ಬರುವುದಿಲ್ಲ. ಒಣ ಸೋರೆಬುರುಡೆ ಕಟ್ಟಿಕೊಂಡು ಇಬ್ಬರೂ ಈಜು ಕಲಿತದ್ದು ಅಲ್ಲೇ. ಎದುರು ಗೋಡೆಯಲ್ಲಿ, ಚಾಚಿಕೊಂಡ ಕಲ್ಲಿನ ಕೆಳಗೆ, ನೀರಿಗೆ ಮುಖ ಮಾಡಿದ ಒಂದು ಕೆತ್ತನೆ ಇದೆಯಂತೆ. ಮೆಟ್ಟಿಲ ಮೇಲೆ ನಿಂತವರಿಗೆ ಕಾಣದು. ಈಜಿಕೊಂಡು ಹೋದವರಿಗೆ ಮಾತ್ರ ದರ್ಶನ. ಅದು ಆನೆ ಅಂತ ದೊಡ್ಡಮ್ಮ, ಹಂಸ ಅಂತ ಅಮ್ಮ. ಐವತ್ತು ವರ್ಷದ ವ್ಯಾಜ್ಯ. ನನ್ನ ಮದುವೆಯ ದಿನ, ಧಾರೆಗೆ ಐದು ನಿಮಿಷ ಮುಂಚೆಯೂ ನಡೆಯಿತು!

ಅಮ್ಮನ ಮೊಣಕಾಲು ನೋಡಿದ ಡಾಕ್ಟರು, “ಇನ್ನು ಮೆಟ್ಟಿಲು ಹತ್ತಿ ಇಳಿಯೋದು ಬಿಟ್ಬಿಡಿ” ಅಂದರು. ಮನೆಗೆ ಬಂದ ಅಮ್ಮ, “ಹೋಗ್ಲಿ. ಆ ಹಂಸ ಇನ್ನು ನನಗಿಲ್ಲ” ಅಂದಳು.

“ಆನೆ,” ಅಂದರು ದೊಡ್ಡಮ್ಮ. ಆಮೇಲೆ ತಂಗಿಯ ಪಕ್ಕಕ್ಕೆ ಬಂದು ಕೂತರು. “ನಿನಗೆ ಇಳಿಯೋಕಾಗ್ದಿದ್ರೆ ಏನಂತೆ? ಅದನ್ನೇ ಮೇಲಕ್ಕೆ ತರ್ತೀನಿ. ಫೋಟೋ ತೆಗೀತೀನಿ!”

“ಕೋಲಿಗೆ ಫೋನ್ ಕಟ್ಟಿ ತೆಗೆದ್ರೆ ಆಗಲ್ವಾ ದೊಡ್ಡಮ್ಮ?” ಅಂದೆ.

“ನಾನು ಅದನ್ನ ನೋಡಿದ್ದು ಕೋಲಿನ ತುದೀಲಿ ಕೂತಲ್ಲ.”

ಮೂವತ್ತು ವರ್ಷ ಗಣಿತ ಕಲಿಸಿದ ಮೇಷ್ಟ್ರು ಅವರು. ಅಭ್ಯಾಸವಿಲ್ಲದೆ ಪರೀಕ್ಷೆಗೆ ಕೂರುವುದುಂಟೆ? ಮೊದಲು ಪುಸ್ತಕ. ಅಂಗಡಿಯಲ್ಲಿ ಛಾಯಾಗ್ರಹಣದ ಪುಸ್ತಕಗಳನ್ನೆಲ್ಲ ಕೆಳಗಿಳಿಸಿ, ಚಿತ್ರ ಅತಿ ಕಡಿಮೆ ಇದ್ದ ಮೂರನ್ನು ಆರಿಸಿದರು. ಅಂಗಡಿಯವರು ದಂಗಾದರು. “ಅಮ್ಮಾ, ಫೋಟೋ ಪುಸ್ತಕ ಅಂದ್ರೆ ಫೋಟೋ ಇರ್ಬೇಕಲ್ವಾ?”

“ಫೋಟೋ ನಾನು ತೆಗೀತೀನಿ. ಇವರದು ಯಾಕೆ?”

ಇದ್ದ ಚಿತ್ರಗಳಿಗಾದರೂ ನೆಮ್ಮದಿ ಸಿಕ್ಕಿತೇ? ಕೆಂಪು ಪೆನ್ನು ಹಿಡಿದು ಒಂದೊಂದಕ್ಕೂ ಅಂಕ ಹಾಕಿದರು. ಸೂರ್ಯಾಸ್ತಕ್ಕೆ ಹತ್ತಕ್ಕೆ ನಾಲ್ಕು. ‘ಸೂರ್ಯನ ಶ್ರಮವೇ ಜಾಸ್ತಿ’ ಎಂಬ ಷರಾ ಬೇರೆ! ಓದಿದ್ದನ್ನು ಪ್ರಯೋಗಿಸಲು ಬೇಲೂರಿಗೆ ಹೋದೆವು. ಶಿಲಾಬಾಲಿಕೆಯ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದ ಹೊಸ ಜೋಡಿಗೆ, “ಬೆಳಕಿಗೆ ಬೆನ್ನು ಹಾಕಿದ್ದೀರಲ್ಲಪ್ಪಾ, ಮುಖ ಹೆಂಚಿನ ಹಾಗೆ ಬರುತ್ತೆ” ಎಂದು ಭುಜ ಹಿಡಿದು ತಿರುಗಿಸಿದರು. ಅರ್ಧ ಗಂಟೆಯಲ್ಲಿ ದೊಡ್ಡಮ್ಮನ ಮುಂದೆ, ನಮ್ಮದೂ ತೆಗೀರಿ ಅಂತ ಫೋನು ಹಿಡಿದವರ ಸಾಲು. ಆ ಸಾಲಿನಲ್ಲಿ ಹನ್ನೊಂದು ಜನ ಇದ್ದರು ಎಂದು ದಿನಚರಿಯಲ್ಲಿ ಬರೆದಿದ್ದೇನೆ. ಹೆಮ್ಮೆಗೆ ಎರಡು ಮೂರು ಸೇರಿರಬಹುದು.

ಈಜುಡುಗೆಯದು ಇನ್ನೊಂದು ಕಥೆ. ಬಟ್ಟೆ ಅಂಗಡಿಯ ಮಾಲೀಕರು ದೊಡ್ಡಮ್ಮನ ಹಳೆಯ ಶಿಷ್ಯರು. ಕೈಮುಗಿದು ಎದ್ದು ನಿಂತವರು, “ಮೊಮ್ಮಗಳಿಗಾ ಮೇಡಂ?” ಅಂದರು.

“ನನಗೆ. ಉದ್ದ ತೋಳು, ಕಾಲು ಪೂರ್ತಿ. ಕನ್ನಡಕ ಇಟ್ಕೊಳ್ಳೋಕೆ ಒಂದು ಜೇಬು.”

ಪಾಪ, ಆ ಮನುಷ್ಯ ಸೈಜು ಕೇಳಲಾರದೆ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತ ನಿಂತರು. ದೊಡ್ಡಮ್ಮ ಟೇಪು ಕಿತ್ತುಕೊಂಡು ತಾವೇ ಅಳೆದು, ಚೀಟಿ ಬರೆದು ಕೊಟ್ಟರು. “ಏಳನೇ ಕ್ಲಾಸಿಂದ ನಿನಗೆ ಸುತ್ತಳತೆ ಲೆಕ್ಕ ಕಷ್ಟಾನೇ ಕಣೋ!” ಉಡುಗೆ ಬೆಂಗಳೂರಿನಿಂದ ಬಂತು, ಕಡುನೀಲಿ. ಅದನ್ನು ತೊಟ್ಟು ಹಜಾರಕ್ಕೆ ಬಂದಾಗ ನಾವು ನಗಬೇಕೆಂದು ಸಿದ್ಧರಾಗಿದ್ದೆವು. ಯಾರಿಗೂ ನಗು ಬರಲಿಲ್ಲ. ಅಷ್ಟು ಚೆನ್ನಾಗಿ ಕಾಣುತ್ತಿದ್ದರು!

ಕೊನೆಗೆ ನೀರಿನಲ್ಲಿ ಹಾಕಿಕೊಳ್ಳುವ ಬೂಟು. ಪಾಚಿ ಮೆಟ್ಟಿಲಿಗೆ ಅದೇ ಮುಖ್ಯ ಅಂತ ಮೂರು ವಾರ ಹುಡುಕಿದರು. ಹಿತ್ತಲಿನ ಒಗೆಯುವ ಕಲ್ಲಿಗೆ ಸೋಪಿನ ನೀರು ಸುರಿದು, ಒಂದೊಂದು ಜೊತೆಯನ್ನೂ ಹಾಕಿಕೊಂಡು ಅದರ ಮೇಲೆ ನಿಂತು ಪರೀಕ್ಷೆ. ಎರಡು ಜೊತೆ ಫೇಲು. ಮೂರನೆಯದು ಪಾಸು.

ಮುಂದಿನ ಭಾನುವಾರ ಬೆಳಿಗ್ಗೆ ಕಲ್ಯಾಣಿಗೆ ಹೋದೆವು. ಅಮ್ಮ ಮೇಲಿನ ಮೆಟ್ಟಿಲಲ್ಲಿ ಟವೆಲು, ಫ್ಲಾಸ್ಕು ಹಿಡಿದು ಕೂತಳು. ಅರ್ಚಕರು ಓಡಿಬಂದರು. “ಈ ವಯಸ್ಸಲ್ಲಿ ಬೇಕಾ ತಾಯಿ? ನನಗೇ ಭಯ ಆಗ್ತೈತೆ.”

“ಭಯ ಆದ್ರೆ ಒಳಗೋಗಿ ಮಂಗಳಾರತಿ ಮಾಡಿ,” ಅಂದರು ದೊಡ್ಡಮ್ಮ.

ಸೊಂಟಕ್ಕೆ ಹಗ್ಗ ಕಟ್ಟಿ ಇನ್ನೊಂದು ತುದಿ ನನ್ನ ಕೈಗೆ ಕೊಟ್ಟರು. ಫೋನು ನೀರು ಹೋಗದ ಚೀಲದಲ್ಲಿ ಕೊರಳಿಗೆ. ನೀರಿನ ಅಂಚಿಗೆ ಬಂದವರೇ ಬಗ್ಗಿ, ಎರಡೂ ಬೂಟು ಕಳಚಿ ಪಕ್ಕದಲ್ಲಿ ಜೋಡಿಸಿಟ್ಟರು!

“ದೊಡ್ಡಮ್ಮಾ, ಬೂಟು!”

“ದೇವರ ನೀರಿಗೆ ಮೆಟ್ಟು ಹಾಕ್ಕೊಂಡು ಇಳೀತಾರೇನೇ?”

“ಮತ್ತೆ ಮೂರು ವಾರ ಯಾಕೆ ಹುಡುಕಿದ್ರಿ?”

ದೊಡ್ಡಮ್ಮ ಸೊಂಟದ ಗಂಟನ್ನು ಬಿಗಿ ಮಾಡಿಕೊಂಡರು. “ಹುಡುಕೋವಾಗ ನೆನಪಾಗ್ಲಿಲ್ಲ.”

ಬರಿಗಾಲು ಪಾಚಿಯ ಮೇಲೆ ಒಂದಿಷ್ಟೂ ಜಾರಲಿಲ್ಲ. ನೀರಿಗಿಳಿದರು, ಕೈ ಬೀಸಿದರು. ಹಗ್ಗ ನನ್ನ ಅಂಗೈಯಿಂದ ಸರಸರ ಹೊರಟುಹೋಗುತ್ತಿತ್ತು. ಹತ್ತು ವರ್ಷದ ಹುಡುಗಿಯೊಬ್ಬಳು ಅದನ್ನು ಎಳೆದುಕೊಂಡು ಹೋಗುತ್ತಿದ್ದಾಳೆ ಅನ್ನಿಸಿತು. ಇದು ಮಾತ್ರ ತಪ್ಪು ನೆನಪಲ್ಲ.

ಒಂಬತ್ತು ಫೋಟೋ ತೆಗೆದರು. ಮೂರು ಪುಸ್ತಕ ಓದಿದ ಮೇಲೂ ಮೊದಲ ಆರರಲ್ಲಿ ಬರೀ ಹೆಬ್ಬೆರಳು! ಏಳನೆಯದು ಸ್ಪಷ್ಟವಾಗಿತ್ತು. ಬಾಗಿದ ಕತ್ತು, ಮಡಿಸಿದ ರೆಕ್ಕೆ, ಕೊಕ್ಕು. ನಾನೇ ಕಣ್ಣಾರೆ ನೋಡಿದೆ. ದೊಡ್ಡಮ್ಮನೂ ನೋಡಿದರು. ನೀರು ತೊಟ್ಟಿಕ್ಕಿಸುತ್ತ, ಅಷ್ಟೂ ಮೆಟ್ಟಿಲು ಹತ್ತಿ ತಂಗಿಯ ಮುಂದೆ ಫೋನು ಹಿಡಿದರು.

ಅಮ್ಮ ಕನ್ನಡಕ ಒರೆಸಿಕೊಂಡು ನೋಡಿದಳು. ಆಮೇಲೆ ತಲೆಯೆತ್ತಿ ಅಕ್ಕನನ್ನು ನೋಡಿದಳು: ಹಣೆಗಂಟಿದ ಬಿಳಿಗೂದಲು, ಚಳಿಗೆ ನಡುಗುವ ಬರಿಗಾಲು.

“ಆನೆನೇ ಕಣಕ್ಕ,” ಅಂದಳು. “ನೀನೇ ಸರಿ.”

ರೇಗಿದರೆ ದೊಡ್ಡಮ್ಮನ ಮಾತು ಸೀದಾ ಊರಿಗೆ ಮರಳುತ್ತದೆ. “ಕಣ್ ಕಾಣಕ್ಕಿಲ್ವೇನೇ? ಕೊಕ್ಕು ಐತೆ ನೋಡು! ಹಂಸ! ನೀನು ಹೇಳಿದ್ದೇ ಸರಿ!”

“ಅದು ಸೊಂಡ್ಲು ಕಣಕ್ಕ.”

“ಹಂಸ ಅಂದ್ರೆ ಹಂಸ!”

ಕಾರು ಜಾವಗಲ್ ದಾಟಿದರೂ ಜಗಳ ನಿಲ್ಲಲಿಲ್ಲ. ಅಕ್ಕ ಹಂಸದ ಪರ, ತಂಗಿ ಆನೆಯ ಪರ. ಒಂದು ಹನಿ ನೀರು ಕಾಣದ ಬೂಟುಗಳನ್ನು ಟವೆಲಿನಲ್ಲಿ ಸುತ್ತಿ ಅಮ್ಮ ಮಡಿಲಲ್ಲಿ ಇಟ್ಟುಕೊಂಡಿದ್ದಳು.

ಸಂಜೆ ಮೊಣಕಾಲಿಗೆ ಎಣ್ಣೆ ತಿಕ್ಕುತ್ತ ಅಮ್ಮನನ್ನು ಕೇಳಿದೆ. ಅವಳು ಎಣ್ಣೆ ಬಟ್ಟಲನ್ನು ನನ್ನತ್ತ ಸರಿಸಿ, “ಇನ್ನೊಂದು ಕಾಲಿಗೂ ಹಚ್ಚು” ಅಂದಳು. ಆಮೇಲೂ ಎಷ್ಟೋ ಸಲ ಕೇಳಿದ್ದೇನೆ; ಪ್ರತಿಸಲವೂ ಬೇರೇನೋ ಕೆಲಸ ಹೇಳುತ್ತಾಳೆ.

“ನಿಜ ಹೇಳಮ್ಮ, ನಿನಗೆ ಅದರಲ್ಲಿ ಆನೆ ಕಾಣಿಸ್ತಾ?”