ಕಿಟಕಿ ಪಕ್ಕದ ಇಸ್ತ್ರಿ ಮೇಜು

ಬಾಯಲ್ಲಿ ತುತ್ತಿರುವಾಗ ಸುಮ್ಮನೆ ಅಗಿಯಬೇಕು. ಇಸ್ತ್ರಿಯವನು ಹೋದ ವಾರ ಮಾತಾಡಿಬಿಟ್ಟಿದ್ದ.

ಅವನು ಕೆಲಸ ಮಾಡುವ ಅಂಗಿ ಕಾರ್ಖಾನೆಗೆ ಒಬ್ಬ ಮೇಡಂ ಬಂದಿದ್ದರು. ಕೆಲಸಗಾರರ ಸಂಬಳ ಯಾವುದರಿಂದ ನಿಗದಿಯಾಗುತ್ತದೆ ಎಂದು ಸಂಶೋಧನೆ ಮಾಡುತ್ತಿದ್ದರಂತೆ. ಊಟದ ಹೊತ್ತಿನಲ್ಲಿ ಪಕ್ಕದಲ್ಲೇ ಕೂತು, "ಬೇರೆ ಕಡೆ ಕೆಲಸ ಸಿಕ್ಕರೆ ಹೋಗ್ತೀರಾ?" ಎಂದು ನಯವಾಗಿ ಕೇಳಿದರು. ಅವನ ಅಭಿಪ್ರಾಯವನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ; ಅಡುಗೆಗೆ ಉಪ್ಪು ಸಾಕೇ ಎಂದು ಹೆಂಡತಿಯೂ ಕೇಳುತ್ತಿರಲಿಲ್ಲ. ಬಡಪಾಯಿ ಉಬ್ಬಿಹೋದ.

"ಎದುರಿನ ಫ್ಯಾಕ್ಟರಿಯವ್ರು ಸ್ವಲ್ಪ ಜಾಸ್ತಿ ಕೊಟ್ರೆ ನಾಳೆನೇ ಹೋಗ್ತೀನಿ. ನನ್ನಂಥ ಕೈ ಇವ್ರಿಗೆಲ್ಲಿ ಸಿಗುತ್ತೆ?"

ಇವತ್ತು ಬೆಳಿಗ್ಗೆ ಆ ಮಾತು ತಿರುಗಿ ಬಂತು. ತಂದವನು ರೇಡಿಯೋ. ಇಸ್ತ್ರಿ ವಿಭಾಗದಲ್ಲಿ ಇರುವವರೇ ಇಬ್ಬರು, ಇನ್ನೊಬ್ಬನೇ ಇವನು. ಯಾರೂ ಗುಂಡಿ ತಿರುಗಿಸದಿದ್ದರೂ ಸುದ್ದಿ ಬಿತ್ತರಿಸುತ್ತಿದ್ದುದರಿಂದ ಆ ಹೆಸರು.

"ಆ ಪ್ರಶ್ನೆ ಮೇಡಂ ಬಂದಿದ್ದಾರೆ ಕಣಯ್ಯಾ. ಯಜಮಾನ್ರ ರೂಮಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ದಾರೆ. ನೀನೇನಾದ್ರೂ ಹೇಳಿದ್ಯಾ?"

"ನಾನಾ? ಏನೂ ಇಲ್ಲಪ್ಪ."

"ಹೇಳಿದ್ರೆ ಮುಗೀತು. ಸಂಶೋಧನೆ ಅನ್ನೋದೆಲ್ಲ ನೆಪ. ಯಾರನ್ನ ಕೆಲಸದಿಂದ ತೆಗೀಬೇಕು ಅಂತ ನೋಡೋಕೇ ಇವ್ರನ್ನ ಕರೆಸೋದು."

ಈ ಕೆಲಸ ಹೋದರೆ ಇಸ್ತ್ರಿಯವನಿಗೆ ಮತ್ತೆ ಹೆಂಡತಿಯ ಅಣ್ಣನ ಅಂಗಡಿಯೇ ಗತಿ. ಮದುವೆಯಾದ ಹೊಸತರಲ್ಲಿ ಅಲ್ಲಿ ಮೂಟೆ ಹೊತ್ತಿದ್ದ. "ನಮ್ಮ ತಂಗಿ ಗಂಡ, ಪಾಪ, ಬೇರೆಲ್ಲೂ ಕೆಲಸ ಸಿಗ್ಲಿಲ್ಲ" ಎಂದು ಬಂದ ಗಿರಾಕಿಗಳಿಗೆಲ್ಲ ಆ ಮಹಾನುಭಾವ ಪರಿಚಯ ಮಾಡಿಕೊಡುತ್ತಿದ್ದ. ಅದನ್ನು ನೆನೆಯುತ್ತ ನಿಂತವನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಇಸ್ತ್ರಿಪೆಟ್ಟಿಗೆಯ ಕೆಳಗೆ ಹೊಸ ಅಂಗಿಯ ಬೆನ್ನು ಕಂದು ಬಣ್ಣಕ್ಕೆ ತಿರುಗಿತ್ತು. ರೇಡಿಯೋ ಅತ್ತ ತಿರುಗಿದ್ದೇ ತಡ, ಅದನ್ನು ಮಡಚಿ ತಾನು ಹಾಕಿದ್ದ ಅಂಗಿಯೊಳಗೆ ತುರುಕಿಕೊಂಡ. ಬಿಸಿ ಬಟ್ಟೆಗೆ ಹೊಟ್ಟೆಯ ಚರ್ಮ ಚುರ್ರೆಂದರೂ ಹಲ್ಲುಕಚ್ಚಿಕೊಂಡ.

ಮೇಡಂ ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ಓಡಿ ಹೋಗಿ ಅಂಗಲಾಚಿದ. "ಅವತ್ತು ಹೇಳಿದ್ದನ್ನ ಅಳಿಸಿಬಿಡಿ ಮೇಡಂ. ಹೆಂಡ್ತಿ ಮಕ್ಕಳಿರೋನು ನಾನು."

"ಭಯಪಡಬೇಡಿ. ನಾವು ಯಾರ ಹೆಸರನ್ನೂ ಹೇಳೋದಿಲ್ಲ. ಇಸ್ತ್ರಿ ವಿಭಾಗದಲ್ಲಿ ಒಬ್ಬರು ಹೀಗಂದ್ರು ಅಂತ ಮಾತ್ರ ಯಜಮಾನ್ರಿಗೆ ಹೇಳಿದ್ದೀನಿ."

ಧೈರ್ಯ ತುಂಬಿದ ಸಮಾಧಾನದಲ್ಲಿ ಅವರು ಇಳಿದುಹೋದರು. ಇಸ್ತ್ರಿಯವನು ನೇರವಾಗಿ ರೇಡಿಯೋನ ಬಳಿ ಬಂದು ನಡೆದದ್ದನ್ನೆಲ್ಲ ಒದರಿದ.

ರೇಡಿಯೋ ಗಲ್ಲ ಕೆರೆದುಕೊಂಡ. "ನಾನೇ ಹೇಳಿದ್ದು ಅಂತ ಒಪ್ಕೋತೀನಿ ಬಿಡು. ನಂಗೇನು, ಬಂದು ಇರು ಅಂತ ಮಗಳು ಅಳಿಯ ಕರೀತಾನೇ ಇದ್ದಾರೆ. ಆದ್ರೆ ಹೋಗೋವರೆಗಾದ್ರೂ ಒಂದಿಷ್ಟು ಗಾಳೀಲಿ ನಿಲ್ತೀನಿ. ನಿನ್ನ ಕಿಟಕಿ ಮೇಜು ನಂಗೆ ಕೊಡು."

ವರ್ಷಗಟ್ಟಲೆ ಬಾಯ್ಲರಿನ ಪಕ್ಕದಲ್ಲಿ ಬೆಂದ ಮೇಲೆ ಸಿಕ್ಕಿದ್ದ ಮೇಜು ಅದು. ಆದರೆ ಹೆಂಡತಿಯ ಅಣ್ಣನ ಅಂಗಡಿಯ ಮೂಟೆಗಳು ಇಸ್ತ್ರಿಯವನ ಕಣ್ಮುಂದೆ ಬಂದವು. ತೆಪ್ಪಗೆ ತನ್ನ ನೀರಿನ ಬಾಟಲಿ ಎತ್ತಿಕೊಂಡು ಬಾಯ್ಲರಿನ ಕಡೆಗೆ ನಡೆದ.

ಮಧ್ಯಾಹ್ನ ಇಬ್ಬರಿಗೂ ಯಜಮಾನರ ಕರೆ ಬಂತು.

"ಎದುರಿನ ಫ್ಯಾಕ್ಟರಿಗೆ ಹೋಗ್ತೀನಿ ಅಂದಿದ್ದು ಯಾರು?"

"ನಾನೇ ಸರ್," ಎಂದ ರೇಡಿಯೋ.

ಅಲ್ಲಿಗೆ ಮುಗಿಯಬೇಕಿತ್ತು. ಇಸ್ತ್ರಿಯವನ ಬಾಯಿ ನಿಲ್ಲಲಿಲ್ಲ. "ದೇವರಾಣೆ ನಾನಲ್ಲ ಸರ್. ನೀವು ಕತ್ತು ಹಿಡಿದು ನೂಕಿದ್ರೂ ನಾನು ಹೋಗಲ್ಲ. ನನ್ನನ್ನ ಬೇರೆ ಯಾರು ಇಟ್ಕೋತಾರೆ?"

ಯಜಮಾನರು ನಿಟ್ಟುಸಿರು ಬಿಟ್ಟರು. "ಬೆಳಿಗ್ಗೆಯಿಂದ ಆ ಮೇಡಂ ನಂಗೆ ಪಾಠ ಹೇಳಿದ್ರು. ಸಂಬಳ ಅನ್ನೋದು ಬರೀ ಕೈಕೆಲಸ ನೋಡಿ ನಿಗದಿಯಾಗಲ್ವಂತೆ. ಬೇರೆ ಬಾಗಿಲು ತೆರೆದಿರೋನಿಗೆ ಜಾಸ್ತಿ ಕೊಡಲೇಬೇಕಾಗುತ್ತಂತೆ." ರೇಡಿಯೋನ ಕಡೆ ತಿರುಗಿದರು. "ಈ ತಿಂಗಳಿಂದ ನಿನ್ನ ಸಂಬಳ ಜಾಸ್ತಿ ಮಾಡಿದ್ದೀನಿ. ನಮ್ಮನ್ನ ಬಿಟ್ಟು ಹೋಗಬೇಡಪ್ಪ."

ರೇಡಿಯೋ ಅಂದು ಮೊದಲ ಸಲ ಸದ್ದಿಲ್ಲದೆ ನಿಂತ. ಇಸ್ತ್ರಿಯವನು, "ಸರ್, ನಿಜ ಹೇಳ್ಬೇಕು ಅಂದ್ರೆ..." ಎನ್ನುತ್ತ ಕಾಲು ಹಿಡಿಯಲು ಬಗ್ಗಿದ. ಒಳಗಿದ್ದ ಅಂಗಿ ಜಾರಿ, ಸುಟ್ಟ ಕಲೆ ಮೇಲಾಗಿ, ಯಜಮಾನರ ಪಾದದ ಮೇಲೆ ಬಿತ್ತು.

ಅವರು ಅದನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ನೀನು ಹೇಳಿದ್ದು ಸರಿ. ನಿನ್ನನ್ನ ಬೇರೆ ಯಾರು ಇಟ್ಕೋತಾರೆ? ಇದರ ದುಡ್ಡು ಸಂಬಳದಲ್ಲಿ ಹಿಡ್ಕೋತೀನಿ. ಹೋಗಿ ಕೆಲಸ ನೋಡು."

ಸಂಜೆಯವರೆಗೆ ಬಾಯ್ಲರಿನ ಪಕ್ಕದಲ್ಲಿ ಬೆಂದು ಹೊರಗೆ ಬಂದರೆ ಗೇಟಿನ ಹತ್ತಿರ ಮೇಡಂ ಸಿಕ್ಕರು.

"ಒಳ್ಳೇ ಸಮಯಕ್ಕೆ ಸಿಕ್ಕಿದ್ರಿ. ಈಗ ಎದುರಿನ ಫ್ಯಾಕ್ಟರಿಯಿಂದಲೇ ಬರ್ತಿದ್ದೀನಿ. ಇಸ್ತ್ರಿಗೆ ಜನ ಸಿಗ್ತಿಲ್ವಂತೆ, ಯಾರಾದ್ರೂ ಇದ್ರೆ ಇವತ್ತೇ ಕಳಿಸಿ ಅಂದ್ರು. ಅವತ್ತು ಹೋಗ್ತೀನಿ ಅಂದವರು ನೀವೇ ಅಲ್ವಾ?"

ಇಸ್ತ್ರಿಯವನು ಬಾಯಿ ತೆರೆದ. ಆಗಲೇ ಮೇಲಿನ ಕಿಟಕಿಯಲ್ಲಿ ಯಜಮಾನರ ತಲೆ ಕಂಡಿತು.

"ಅದು ನಾನಲ್ಲ ಮೇಡಂ, ಕಿಟಕಿ ಮೇಜಿನ ರೇಡಿಯೋ," ಎಂದ.

"ಸರಿ, ಬೆಳಿಗ್ಗೆ ನೀವು ಕೇಳಿದ ಹಾಗೆ ನಿಮ್ಮ ಮಾತು ಅಳಿಸಿಬಿಟ್ಟೆ. ಹಾಗಾದ್ರೆ ಅವರಿಗೇ ಹೇಳ್ತೀನಿ," ಎಂದು ಮೇಡಂ ಒಳಗೆ ಹೋದರು.