ಒಂದು ಅಂಗುಲದ ಖಾಲಿ ಜಾಗ

ಎಲ್ಲಾ ಶುರುವಾಗಿದ್ದು ಮಗಳ ಸ್ಕೂಲಿನ ಅರ್ಜಿಯಲ್ಲಿದ್ದ ಒಂದು ಅಂಗುಲದ ಖಾಲಿ ಜಾಗದಿಂದ. 'ತಂದೆಯ ಉದ್ಯೋಗ' ಎಂದು ಅಚ್ಚಾಗಿದ್ದ ಕಡೆ 'ಬೀಗ ರಿಪೇರಿ' ಎಂದು ಬರೆಯಲು ಅವನು ಪೆನ್ನಿನ ಮುಚ್ಚಳ ತೆಗೆದಿದ್ದ, ಅಷ್ಟೆ. ಮಹಡಿ ಮನೆಯ ನಿವೃತ್ತ ಹೆಡ್‌ಕ್ಲಾರ್ಕರು ಹೆಗಲ ಮೇಲಿಂದ ಇಣುಕಿದರು. ಮೂವತ್ತೈದು ವರ್ಷ ಕಂಡವರ ಅರ್ಜಿಗಳಲ್ಲಿ ತಪ್ಪು ಹುಡುಕಿದ ಕಣ್ಣು ಅದು.

"ಬೀಗ ರಿಪೇರಿ ಅಂತ ಬರೀತೀಯೇನಯ್ಯಾ? ಗೇಟಿನ ವಾಚ್‌ಮನ್ನೇ ಹರಿದುಹಾಕ್ತಾನೆ. ಸೆಕ್ಯುರಿಟಿ ಕನ್ಸಲ್ಟೆಂಟ್ ಅಂತ ಬರಿ. ಸುಳ್ಳೇನಲ್ಲ. ಯಾವ ಬೀಗ ಗಟ್ಟಿ ಅಂತ ದಿನಾ ಜನಕ್ಕೆ ಸಲಹೆ ಕೊಡಲ್ವ ನೀನು?"

ಬರೆದ. ಬರೆದ ಮೇಲೆ ಅದಕ್ಕೆ ತಕ್ಕ ವೇಷವೂ ಬೇಕಾಯಿತು. ಹೆಡ್‌ಕ್ಲಾರ್ಕರ ಕೋಟು ಹಾಕಿಕೊಂಡು ಸಂದರ್ಶನಕ್ಕೆ ಹೋದ. ಕೋಟೇ ಅವನನ್ನು ಹಾಕಿಕೊಂಡು ಹೋದ ಹಾಗೆ ಕಾಣುತ್ತಿತ್ತು. ಅದಕ್ಕೂ ಮೊದಲು ನಾಲ್ಕು ವರ್ಷದ ಮಗಳಿಗೆ ವಾರವಿಡೀ ಪಾಠ ನಡೆದಿತ್ತು.

"ಅಪ್ಪ ಏನ್ ಮಾಡ್ತಾರೆ ಅಂತ ಕೇಳಿದ್ರೆ?"

"ಬೀಗ..."

"ಅಲ್ಲ ಪುಟ್ಟೀ. ಅಪ್ಪ ಆಫೀಸಿಗೆ ಹೋಗ್ತಾರೆ."

ಮಗಳು ಅವನ ಕಪ್ಪು ಉಗುರುಗಳನ್ನು ನೋಡಿದಳು, ಮುಖ ನೋಡಿದಳು, ಆಮೇಲೆ ಪಾಠ ಒಪ್ಪಿಸಿದಳು. ಆ ನೋಟ ಮಾತ್ರ ಅವನೊಳಗೆ ಎಲ್ಲೋ ಸಿಕ್ಕಿಕೊಂಡು ಹೊರಗೆ ಬರಲಿಲ್ಲ. ಇರಲಿ, ಮಗಳ ಭವಿಷ್ಯ ಅಂದುಕೊಂಡ. ಊರಿನ ಅರ್ಧ ಮನೆಗಳ ಬಾಗಿಲು ತೆಗೆದುಕೊಟ್ಟವನು ಅವನು. ಐದನೇ ಕ್ಲಾಸಿಗೇ ಓದು ಬಿಟ್ಟವನಿಗೆ ಅಂಥ ಸ್ಕೂಲಿನ ಗೇಟು ಮಾತ್ರ ಎಂದೂ ತೆರೆದಿರಲಿಲ್ಲ.

ಸೀಟು ಸಿಕ್ಕವರ ಪಟ್ಟಿ ಹಾಕುವ ದಿನ ಬಂತು. ಸಂಜೆ ನಾಲ್ಕಕ್ಕೆ ಎಂದಿದ್ದರು. ಹೆಂಡತಿ ಬೆಳಗಿನಿಂದ ಎರಡು ಸಲ ಹಾಲು ಉಕ್ಕಿಸಿದಳು. ಅವನು ಗಿರಾಕಿಯೊಬ್ಬನ ಸ್ಕೂಟರಿಗೆ ಇನ್ನೊಬ್ಬನ ಮನೆಯ ಕೀಲಿ ಮಾಡಿಕೊಟ್ಟ. ಎರಡೂವರೆಗೆ ಅಂಗಡಿಯ ಫೋನು ಹೊಡೆದುಕೊಂಡಿತು.

"ಬೀಗದವ್ರಾ? ಸ್ಕೂಲಿನಿಂದ ಜವಾನ ಮಾತಾಡ್ತಿರೋದು. ಆಫೀಸಿನ ಬೀರು ಕೀಲಿ ಒಳಗೇ ಮುರಿದುಹೋಗಿದೆ. ಅಡ್ಮಿಷನ್ ಪಟ್ಟಿ ಅದರಲ್ಲೇ ಇದೆ. ಬೇಗ ಬನ್ನಿ ಮಾರಾಯ್ರೆ, ಹೊರಗೆ ಜನ ನನ್ನನ್ನ ತಿಂದು ಹಾಕ್ತಾರೆ."

ಅವನ ಎದೆಯೊಳಗೂ ಏನೋ ಮುರಿದು ಸಿಕ್ಕಿಕೊಂಡಿತು. ಹೋದರೆ ಗುಟ್ಟು ರಟ್ಟು. ಹೋಗದಿದ್ದರೆ ಪಟ್ಟಿ ಹೊರಗೇ ಬರುವುದಿಲ್ಲ. ಬೇರೆ ಬೀಗದವನಾದರೆ ಸುತ್ತಿಗೆಯಿಂದ ಬಡಿದು ಬೀರುವಿನ ಜೊತೆ ಪಟ್ಟಿಯನ್ನೂ ಹಾಳುಮಾಡುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು.

"ಕೋಟು ಹಾಕ್ಕೊಂಡು ಹೋಗು," ಅಂದರು, ಮನೆಗೆ ಓಡಿಬಂದು ಸಲಹೆ ಕೇಳಿದವನಿಗೆ ಹೆಡ್‌ಕ್ಲಾರ್ಕರು. "ಕನ್ಸಲ್ಟೆಂಟ್ ಖುದ್ದಾಗಿ ತಪಾಸಣೆಗೆ ಬಂದ್ರು ಅನ್ಕೋತಾರೆ. ನಿನ್ನ ಅರ, ತಂತಿ, ಕೀಲಿ ಎಲ್ಲಾ ನನ್ನ ಬ್ರೀಫ್‌ಕೇಸಿಗೆ ಹಾಕು. ನಾನೂ ಬರ್ತೀನಿ."

"ನೀವು ಬೇಡ ಸಾರ್."

"ಬ್ರೀಫ್‌ಕೇಸು ನಂದು ಕಣಯ್ಯಾ."

ಸ್ಕೂಲಿನ ಅಂಗಳದಲ್ಲಿ ಅಪ್ಪ ಅಮ್ಮಂದಿರು ಆಪರೇಷನ್ ಕೋಣೆಯ ಹೊರಗೆ ಕಾಯುವವರ ಹಾಗೆ ನಿಂತಿದ್ದರು. ಅವನು ತಲೆ ತಗ್ಗಿಸಿ ಒಳಗೆ ನುಸುಳಿದ. ಹಿಂದಿನಿಂದ ಹೆಡ್‌ಕ್ಲಾರ್ಕರ ದನಿ ಕೇಳಿಸಿತು: "ಒಳಗೆ ಹೋದ್ರಲ್ಲ, ನಮ್ಮ ಕೆಳಗಿನ ಮನೆಯವ್ರು. ಪಟ್ಟಿ ಈಗ ಅವರ ಕೈಲಿದೆ."

"ನೋಡಿ, ನೋಡಿ, ಶಿಫಾರಸು ಅಂದ್ರೆ ಇದು," ಎಂದು ಯಾರೋ ಹಲ್ಲು ಕಡಿದರು.

ಆಫೀಸಿನಲ್ಲಿ ಜವಾನ ಅವನನ್ನು ಮೇಲಿನಿಂದ ಕೆಳಗೆ ನೋಡಿದ. "ಸಾರ್, ಬೀಗದವ್ರು ಎಲ್ಲಿ?"

"ನಾನೇ."

ಬ್ರೀಫ್‌ಕೇಸು ತೆರೆದ ಕೂಡಲೇ ನೂರಾರು ಕೀಲಿಗಳು ಝಲ್ಲೆಂದು ನೆಲಕ್ಕೆ ಸುರಿದವು. ಕೋಟಿನಲ್ಲೇ ಮಂಡಿಯೂರಿ ಕೂತ. ತೋಳಿಗೆ ಎಣ್ಣೆ ಮೆತ್ತಿಕೊಂಡಿತು, ಕಂಕುಳ ಹೊಲಿಗೆ ಪರ್ ಅಂತು. ಕಿಟಕಿಯಿಂದ ಒಬ್ಬರು ತಲೆ ತೂರಿಸಿ, "ಸಾರ್, ಹೇಗೂ ಒಳಗಿದ್ದೀರಿ, ನಮ್ಮ ಹುಡುಗನ ಹೆಸರೂ ಒಂಚೂರು ನೋಡಿ," ಅಂದರು. ಬೀಗಕ್ಕೆ ಕಿವಿಯಿಟ್ಟಾಗ ಅವನಿಗೆ ಲೋಕ ಕೇಳಿಸುವುದಿಲ್ಲ. ತಂತಿ ತೂರಿಸಿ ಮುರಿದ ಚೂರನ್ನು ಕೂದಲೆಳೆಯಷ್ಟೇ ಎಳೆದ, ಮತ್ತೊಮ್ಮೆ ಎಳೆದ. ಟಕ್. ಬೀರು ತೆರೆಯಿತು.

"ಭೇಷ್," ಅಂತು ಹಿಂದಿನಿಂದ ಒಂದು ದನಿ. ಹೆಡ್‌ಮಿಸ್ ಯಾವಾಗ ಬಂದು ನಿಂತಿದ್ದರೋ. "ನಿಮ್ಮನ್ನ ನೋಡಿದ್ದೀನಿ. ಈ ಕೋಟನ್ನೂ ನೋಡಿದ್ದೀನಿ."

ಅವನು ಎದ್ದು ನಿಂತ. "ತಪ್ಪಾಯ್ತು ಮೇಡಂ. ಮಗೂದೇನೂ ತಪ್ಪಿಲ್ಲ."

"ಖಂಡಿತಾ ಇಲ್ಲ. ಅಪ್ಪ ಏನು ಮಾಡ್ತಾರೆ ಅಂತ ಮೂರು ಸಲ ಕೇಳಿದೆ. ಮೂರು ಸಲವೂ ಆಫೀಸು ಅಂದಳು. ಹೊರಡುವಾಗ ಈ ಬೀರು ಮುಟ್ಟಿ ನೋಡಿ, 'ಮಿಸ್, ಈ ಬೀಗಕ್ಕೆ ಎಣ್ಣೆ ಹಾಕ್ಸಿ, ಇಲ್ದಿದ್ರೆ ಕೀಲಿ ಮುರಿಯತ್ತೆ' ಅಂದಳು. ನಾನು ಹಾಕಿಸಲಿಲ್ಲ." ಅವರು ಗೋಡೆಯ ಮೇಲಿನ ಫೋಟೋ ತೋರಿಸಿದರು. "ಈ ಸ್ಕೂಲು ಕಟ್ಟಿದವರು. ಕುಲುಮೆ ಕೆಲಸದವರು."

ಸಂದರ್ಶನದ ದಿನ ಅವನು ಆ ಮೀಸೆಯನ್ನಷ್ಟೇ ನೋಡಿ ಹೆದರಿದ್ದ. ಈಗ ಕೈಗಳನ್ನು ನೋಡಿದ. ಅವನ ಕೈಗಳಂಥವೇ.

"ಕೈಕೆಲಸದವರ ಮಗುವಿಗೆ ಅಂತ ಪ್ರತಿ ವರ್ಷ ಒಂದು ಸೀಟು ಇಟ್ಟುಹೋಗಿದ್ದಾರೆ. ಅರ್ಜಿಯ ಹಿಂದಿನ ಪುಟದಲ್ಲೇ ಇದೆ."

ಹಿಂದಿನ ಪುಟ. ಅರ್ಜಿ ತುಂಬಿದ ದಿನ ಇಬ್ಬರೂ ಅದನ್ನು ಓದಿರಲಿಲ್ಲ; ಹೆಡ್‌ಕ್ಲಾರ್ಕರು ಅದರ ಮೇಲೆ ಕಾಫಿ ಲೋಟ ಇಟ್ಟಿದ್ದರು.

"ಈಗ... ಆ ಸೀಟು ಯಾರಿಗೆ ಬಂತು ಮೇಡಂ?"

ಹೆಡ್‌ಮಿಸ್ ಪಟ್ಟಿ ಬಿಡಿಸಿ ತೋರಿಸಿದರು. ಕೊನೆಯ ಸಾಲು ಖಾಲಿ ಇತ್ತು, ಒಂದು ಅಂಗುಲದಷ್ಟು.

"ಈ ವರ್ಷ ಯಾರೂ ಇಲ್ಲ. ಒಬ್ಬ ಬಡಗಿ ಇಲ್ಲ, ಒಬ್ಬ ದರ್ಜಿ ಇಲ್ಲ. ಎಲ್ಲರೂ ಮ್ಯಾನೇಜರು, ಕನ್ಸಲ್ಟೆಂಟು. ನಿಮ್ಮ ಮಗಳು ಆ ಕನ್ಸಲ್ಟೆಂಟ್‌ಗಳ ಸಾಲಲ್ಲಿ ಎಪ್ಪತ್ತೆರಡನೆಯವಳು. ಸೀಟು ಮೂವತ್ತು."

"ಈಗ ತಿದ್ದಿ ಬರೆದುಕೊಟ್ರೆ?"

"ಕಮಿಟಿ ಸಹಿ ಆಗಿಹೋಗಿದೆ. ಮುಂದಿನ ವರ್ಷಕ್ಕೆ ಅವಳಿಗೆ ವಯಸ್ಸು ಮೀರತ್ತೆ." ಪಟ್ಟಿ ಮಡಿಚುತ್ತಾ, "ನನಗೂ ಬೇಜಾರಿದೆ," ಅಂದರು. ಅದು ನಿಜದಂತೆಯೇ ಕೇಳಿಸಿತು.

ಕೀಲಿಗಳನ್ನು ಒಂದೊಂದೇ ಆರಿಸಿಕೊಂಡು ಹೊರಗೆ ಬಂದ. ಗೇಟಿನ ಬಳಿ ಹೆಂಡತಿ ಮಗಳ ಕೈ ಹಿಡಿದು ನಿಂತಿದ್ದಳು. ಅವನ ಮುಖ ನೋಡಿ ಬ್ರೀಫ್‌ಕೇಸನ್ನು ತನ್ನ ಕೈಗೆ ತೆಗೆದುಕೊಂಡಳು. ಹೆಡ್‌ಕ್ಲಾರ್ಕರು ಮೊದಲು ಹರಿದ ಕೋಟನ್ನು ನೋಡಿ, ಆಮೇಲೆ ಅವನನ್ನು ನೋಡಿದರು. ಒಳಗಿಂದ ಬಂದವನು ದೊಡ್ಡ ಮನುಷ್ಯನೇ ಇರಬೇಕೆಂದು ಯಾರೋ ಹೆಂಗಸು ಮಗಳ ಕೆನ್ನೆ ತಟ್ಟಿ, "ನಿಮ್ಮಪ್ಪ ಏನ್ ಮಾಡ್ತಾರೆ ಮರೀ?" ಎಂದು ಕೇಳಿದರು.

ಮಗಳು ಎಣ್ಣೆ ಮೆತ್ತಿದ ಅವನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಪ್ಪ ಆಫೀಸಿಗೆ ಹೋಗ್ತಾರೆ," ಎಂದು ಒಂದಕ್ಷರ ತಪ್ಪದೆ ಒಪ್ಪಿಸಿ, ಶಭಾಸ್ ಅನ್ನುತ್ತಾನೇನೋ ಎಂದು ಅವನ ಮುಖ ನೋಡಿದಳು.